ಟೀ ಟೈಮ್ ಮೊದಲು, ವಿಮಾನದ ಟಿಕೆಟ್ ಆಮೇಲೆ

ಪ್ರಶ್ನೆ: ನಾವು ನಾಲ್ವರು ಗೆಳೆಯರು, ಎಲ್ಲರೂ 55 ದಾಟಿದವರು. ಜೂನ್‌ನಲ್ಲಿ 20 ದಿನ ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ ಸುತ್ತಿ ಗಾಲ್ಫ್ ಆಡುವ ಆಸೆ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಅಂತೂ ಬಿಡುವ ಹಾಗಿಲ್ಲ. ಒಬ್ಬ ಏಜೆಂಟ್ ‘ಬ್ಯಾಲಟ್‌ನಲ್ಲಿ ನಿಮ್ಮ ಹೆಸರು ಗ್ಯಾರಂಟಿ’ ಎನ್ನುತ್ತಿದ್ದಾರೆ. ಮುಂಗಡ ಕೊಡಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಕೊಡಬೇಡಿ. ಈ ‘ಗ್ಯಾರಂಟಿ’ ಮಾತು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬ್ಯಾಲಟ್ ಅಂದರೆ ಚೀಟಿ ಎತ್ತುವುದು. ಅದರಲ್ಲಿ ಗ್ಯಾರಂಟಿ ಕೊಡುತ್ತೇನೆ ಎನ್ನುವವನು ಸುಳ್ಳು ಹೇಳುತ್ತಿದ್ದಾನೆ, ಅಷ್ಟೇ. ಹೆಸರು ಕೊಡಲು ಒಂದು ಪೈಸೆಯೂ ಬೇಡ. ಬಂದರೆ ಮಾತ್ರ ಗ್ರೀನ್ ಫೀ, ಅಂದರೆ ಆಟದ ಶುಲ್ಕ. ಕೋರ್ಸ್ ನಡೆಸುವ ಸೇಂಟ್ ಆಂಡ್ರೂಸ್ ಲಿಂಕ್ಸ್ ಟ್ರಸ್ಟ್ ಒಪ್ಪಿದ ಕೆಲವು ಟೂರ್ ಕಂಪನಿಗಳ ಮೂಲಕ ಟೀ ಟೈಮ್ (ಆಟ ಶುರು ಮಾಡುವ ಸಮಯ) ಮುಂಚಿತವಾಗಿ ಸಿಗುತ್ತದೆ. ಅದು ದುಬಾರಿ ದಾರಿ. ನಿಮ್ಮ ಏಜೆಂಟ್ ಆ ಪಟ್ಟಿಯಲ್ಲಿ ಇದ್ದಾರಾ ಎಂದು ಟ್ರಸ್ಟ್‌ನ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಿ.

ಇನ್ನು ನಿಮ್ಮ 20 ದಿನ. ನಾಲ್ಕು ದೇಶದಲ್ಲಿ ಮೂರನ್ನು ಹೊಡೆದುಹಾಕಿ. ಮೂರು ಖಂಡ ಸುತ್ತಿದರೆ ನೀವು ಆಡುವುದಕ್ಕಿಂತ ವಿಮಾನ ನಿಲ್ದಾಣದಲ್ಲಿ ಕೂರುವುದೇ ಜಾಸ್ತಿ. ಜೂನ್‌ನಲ್ಲಿ ಸ್ಕಾಟ್ಲೆಂಡ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಮೆಲ್ಬರ್ನ್‌ನಲ್ಲಿ ಆಗ ಚಳಿಗಾಲ. ಎರಡನ್ನೂ ಒಂದೇ ಪ್ರವಾಸಕ್ಕೆ ಯಾಕೆ ಕಟ್ಟುತ್ತೀರಿ?

ಸೇಂಟ್ ಆಂಡ್ರೂಸ್‌ನಲ್ಲಿ ಪೂರ್ತಿ ಒಂದು ವಾರ ಇರಿ. ಬ್ಯಾಲಟ್‌ಗೆ ಆಟದ ಎರಡು ದಿನ ಮೊದಲು ಮಧ್ಯಾಹ್ನ 2 ಗಂಟೆಯೊಳಗೆ ಹೆಸರು ಕೊಡಬೇಕು. ಗುರುವಾರ ಆಡಲು ಮಂಗಳವಾರ. ದಿನಾ ಕೊಡುತ್ತಾ ಇರಿ. ಇಬ್ಬರಿಂದ ನಾಲ್ವರವರೆಗೆ ಒಟ್ಟಿಗೆ ಸೇರಬಹುದು, ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕ) ಪುರಾವೆ ಜೊತೆಗಿರಲಿ. ರಾತ್ರಿಯೆಲ್ಲಾ ಕ್ಯೂ ನಿಂತರೆ ಸಿಗುತ್ತದೆ ಎಂದು ಇನ್ನೂ ಹೇಳುವವರಿದ್ದಾರೆ. ಅದು ಹಳೇ ಕಥೆ. ಒಬ್ಬಂಟಿ ಆಟಗಾರರಿಗೆ 2024ರಿಂದ ಡಿಜಿಟಲ್ ಡ್ರಾ ಬಂದಿದೆ. ಸುಮ್ನೆ ಚಳಿಯಲ್ಲಿ ನಿಲ್ಲಬೇಡಿ.

ಹೆಸರು ಬರದ ದಿನ ಕೈಕಟ್ಟಿ ಕೂರಬೇಕಿಲ್ಲ. ಅದೇ ಟ್ರಸ್ಟ್‌ನ ಕೈಯಲ್ಲಿ ಓಲ್ಡ್ ಸೇರಿ ಏಳು ಕೋರ್ಸ್ ಇವೆ. ನ್ಯೂ ಕೋರ್ಸ್ 1895ರದ್ದು, ಜುಬಿಲಿ 1897ರದ್ದು. ಇವನ್ನು ಮೊದಲೇ ಕಾಯ್ದಿರಿಸಬಹುದು. ಮೊದಲು ಇವು ಖಚಿತವಾಗಲಿ, ಆಮೇಲೆ ವಿಮಾನದ ಟಿಕೆಟ್ ತೆಗೆಸಿ.

ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟ ಇಲ್ಲ. ಅವತ್ತು ಅದು ಊರಿನವರ ಮೈದಾನ. ನಾಯಿ ಕರೆದುಕೊಂಡು ಬರುತ್ತಾರೆ, ಅಜ್ಜಿಯರು ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ಹಾದಿ) ಮೇಲೆ ನಡೆಯುತ್ತಾರೆ. ನೀವೂ ನಡೆಯಿರಿ. ಯಾವ ಬಂಕರ್ (ಮರಳಿನ ಗುಂಡಿ) ಎಷ್ಟು ಆಳ ಅಂತ ಹತ್ತಿರ ನಿಂತು ನೋಡಿ, ನೂರಕ್ಕೂ ಹೆಚ್ಚು ಇವೆ.

ಮೊಣಕಾಲು ಪರೀಕ್ಷೆ ಮಾಡಿಸಿಕೊಂಡೇ ಹೊರಡಿ. ವೈದ್ಯಕೀಯ ಕಾರಣ ಇಲ್ಲದೆ ಓಲ್ಡ್ ಕೋರ್ಸ್‌ನಲ್ಲಿ ‘ಬಗ್ಗಿ’ (ಗಾಲ್ಫ್ ಗಾಡಿ) ಕೊಡುವುದಿಲ್ಲ, 18 ಹೋಲ್ ನಡೆದೇ ಮುಗಿಸಬೇಕು. ಇಲ್ಲಿ ಬಗ್ಗಿಯಲ್ಲೇ ಆಡಿ ರೂಢಿಯಾದವರು ಎರಡು ತಿಂಗಳು ಮೊದಲೇ ನಡೆದು ಆಡಲು ಶುರು ಮಾಡಿ.

ದುಡ್ಡು ಉಳಿಸಲು ಬೇರೆ ಏನನ್ನಾದರೂ ಬಿಡಿ, ಕ್ಯಾಡಿಯನ್ನು (ಕಿಟ್ ಹೊತ್ತು ಸಲಹೆ ಕೊಡುವ ಸಹಾಯಕ) ಬಿಡಬೇಡಿ. ನಾನು ಮೊದಲ ಸಲ ಹೋದಾಗ ನಾಲ್ಕು ದಿನ ಹೆಸರು ಬರಲಿಲ್ಲ, ಐದನೇ ದಿನ ಬಂತು. ಮೊದಲ ಗ್ರೀನ್ (ಕುಳಿ, ಧ್ವಜ ಇರುವ ನುಣುಪು ಹುಲ್ಲು) ಮುಂದೆ ಸ್ವಿಲ್ಕನ್ ಬರ್ನ್ ಅನ್ನೋ ಸಣ್ಣ ತೋಡು ಇದೆ. ಬೆಂಗಳೂರಿನಲ್ಲಿ ಹೊಡೆಯುವ ಹಾಗೇ ಚೆಂಡನ್ನು ಮೇಲಕ್ಕೆತ್ತಿ ಹೊಡೆದೆ. ಎದುರುಗಾಳಿಗೆ ಚೆಂಡು ಗಾಳಿಯಲ್ಲೇ ನಿಂತ ಹಾಗಾಗಿ ನೆಟ್ಟಗೆ ನೀರಿಗೆ ಬಿತ್ತು. ಎರಡನೇ ಹೋಲ್‌ನಲ್ಲಿ ಮತ್ತೆ ವೆಜ್ (ಚೆಂಡನ್ನು ಮೇಲಕ್ಕೆತ್ತುವ ಕೋಲು) ತೆಗೆದೆ. ಕ್ಯಾಡಿ ಅದನ್ನು ಮೆಲ್ಲಗೆ ಕೈಯಿಂದ ತಗೊಂಡು ಪಟರ್ (ನೆಲದ ಮೇಲೆ ಚೆಂಡು ತಳ್ಳುವ ಕೋಲು) ಕೊಟ್ಟರು. ಗ್ರೀನ್ ಇನ್ನೂ ಮೂವತ್ತು ಗಜ ದೂರ! ಅನುಮಾನದಿಂದಲೇ ತಳ್ಳಿದೆ. ಗಟ್ಟಿ ನೆಲದ ಉಬ್ಬುತಗ್ಗು ಹತ್ತಿಳಿದು ಚೆಂಡು ಧ್ವಜದ ಪಕ್ಕಕ್ಕೆ ಹೋಗಿ ನಿಂತಿತು. ಲಿಂಕ್ಸ್ (ಕಡಲ ತೀರದ ಗಾಲ್ಫ್ ನೆಲ) ಆಟ ನನಗೆ ಅರ್ಥವಾಗಿದ್ದು ಆ ಒಂದು ಹೊಡೆತದಲ್ಲಿ.

ಪ್ರಶ್ನೆ: ಅಮೆರಿಕದ ಅಗಸ್ಟಾ ನ್ಯಾಷನಲ್‌ನಲ್ಲಿ ಒಂದು ರೌಂಡ್ ಆಡಲು ಎಷ್ಟಾಗುತ್ತದೆ?

ಉತ್ತರ: ಅದು ಖಾಸಗಿ ಕ್ಲಬ್, ಸದಸ್ಯರು ಅತಿಥಿಯಾಗಿ ಕರೆಯಬೇಕು, ದುಡ್ಡು ಕೊಟ್ಟರೆ ಆಡಿಸುತ್ತೇನೆ ಎಂದವರ ಫೋನ್ ಇಟ್ಟುಬಿಡಿ.

ಪ್ರಶ್ನೆ: ಮಕ್ಕಳ ಬೇಸಿಗೆ ರಜೆಯಲ್ಲಿ, ಮೇ ಕೊನೆಗೆ, ದುಬೈನಲ್ಲಿ ಆಡಬಹುದಾ?

ಉತ್ತರ: ಆ ಬಿಸಿಲಿಗೆ ಬೇಡ, ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ.

ಪ್ರಶ್ನೆ: ಆಸ್ಟ್ರೇಲಿಯಾಕ್ಕೆ ನಮ್ಮದೇ ಕಿಟ್ ಒಯ್ಯಬೇಕೋ, ಅಲ್ಲೇ ಬಾಡಿಗೆಗೆ ತಗೊಳ್ಳೋದೋ?

ಉತ್ತರ: ಮೂರು ರೌಂಡ್‌ಗಿಂತ ಕಡಿಮೆ ಆಡುವುದಾದರೆ ಬಾಡಿಗೆಯದ್ದೇ ಸಾಕು. ಶೂ ಮಾತ್ರ ನಿಮ್ಮದೇ ಇರಲಿ, ಹೊಸ ಶೂ ಕಾಲು ಕಚ್ಚುತ್ತದೆ. ಹೊರಡುವ ಹಿಂದಿನ ದಿನ ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಸ್ಪೈಕ್ ಸಂದಿಯಲ್ಲಿ ಕೂತ ಕೆಮ್ಮಣ್ಣು, ಹುಲ್ಲು ಎಲ್ಲಾ ಉಜ್ಜಿ ತೆಗೆಯಿರಿ. ಹೊರಗಿನ ಮಣ್ಣಿನ ವಿಷಯದಲ್ಲಿ ಅಲ್ಲಿನವರು ಬಹಳ ಕಟ್ಟುನಿಟ್ಟು. ವಿಮಾನದಲ್ಲಿ ಕೊಡುವ ಅರ್ಜಿಯಲ್ಲಿ ಬಳಸಿದ ಶೂ ಇದೆ ಎಂದು ಬರೆದುಬಿಡಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾಗುತ್ತದೆ.