ಪ್ರತಿಕ್ರಿಯೆ: ಫಿಟ್‌ನೆಸ್ ಅವಧಿ ಮುಗಿದ ಕಾರು ಓಡಿಸಬಹುದಾ?
ಫಿಟ್‌ನೆಸ್ ಸರ್ಟಿಫಿಕೇಟ್ (ಕಾರು ರಸ್ತೆಗೆ ಯೋಗ್ಯ ಅನ್ನೋ ಪತ್ರ) ಮುಗಿದು ನಾಲ್ಕು ದಿನ ಆಗಿದೆ, ಟೆಸ್ಟ್ ಮುಂದಿನ ವಾರ, ಅಲ್ಲಿಯವರೆಗೆ ಆಫೀಸಿಗೆ ಓಡಿಸಬಹುದಾ ಅಂತ ಕೇಳಿದ್ದೀರಿ. ಬೇಡ. ಬುಕಿಂಗ್ ಇದೆ ಅಂದ ಮಾತ್ರಕ್ಕೆ ದಿನಾ ಓಡಿಸಲು ಅನುಮತಿ ಸಿಕ್ಕಂತಲ್ಲ. ಬ್ರಿಟನ್‌ನಲ್ಲೂ ಮೊದಲೇ ಬುಕ್ ಮಾಡಿದ ಟೆಸ್ಟಿಗೆ ಹೋಗಲು ವಿನಾಯಿತಿ ಇದೆ, ಆಫೀಸಿಗೆ ಹೋಗಿಬರಲು ಇಲ್ಲ.

ದಂಡ ಹೋಗಲಿ ಬಿಡಿ, ಕಟ್ಟಿ ಮುಗಿಸಬಹುದು. ಎಲ್ಲಾದರೂ ಗುದ್ದಿದರೆ ಇನ್ಶೂರೆನ್ಸ್‌ನವರು ಈ ಕಾಗದವನ್ನೇ ಹಿಡಿದುಕೊಂಡು ತಕರಾರು ತೆಗೆಯಬಹುದು. ಅದು ಜಾಸ್ತಿ ತಲೆನೋವು, ಅಲ್ವಾ?

ಟೆಸ್ಟಿಗೆ ಮೊದಲು ಬ್ರೇಕ್ ಲೈಟ್ ನೋಡಿಕೊಳ್ಳಲು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಕಾರಿನ ಹಿಂಭಾಗ ಗೋಡೆಗೆ ಹತ್ತಿರ ಬರುವಂತೆ ನಿಲ್ಲಿಸಿ ಬ್ರೇಕ್ ಒತ್ತಿ. ಗೋಡೆ ಮೇಲೆ ಎರಡೂ ಬದಿ ಕೆಂಪು ಬೆಳಕು ಬೀಳಬೇಕು. ನನ್ನ ಕಾರಿನದು ಒಂದೇ ಬದಿ ಬಿತ್ತು. ಎಷ್ಟು ತಿಂಗಳಿಂದ ಹಾಗೇ ಓಡಿಸಿದ್ದೆನೋ!