ಅಮೆರಿಕದ ಎಂಐಟಿಯಲ್ಲಿ ಪದವಿ ಓದುವವರಿಗೂ ಲ್ಯಾಬ್‌ನಲ್ಲಿ ನಿಜವಾದ ಸಂಶೋಧನೆ ಮಾಡಲು ಸಿಗುತ್ತದಾ?

ಸಿಗುತ್ತದೆ, ಅದೂ ಧಾರಾಳವಾಗಿ. ಇದಕ್ಕೆಂದೇ ಅಲ್ಲಿ ಯುರಾಪ್ ಎಂಬ ವ್ಯವಸ್ಥೆ ಇದೆ. ಭೌತವಿಜ್ಞಾನಿ ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲಿ ಶುರು ಮಾಡಿದ್ದು. ತನಗೆ ಹಿಡಿಸಿದ ವಿಷಯದ ಪ್ರೊಫೆಸರ್‌ಗೆ ವಿದ್ಯಾರ್ಥಿಯೇ ಬರೆದು ಕೇಳಬಹುದು. ಒಪ್ಪಿದರೆ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಅಥವಾ ಸಂಬಳ ಸಿಗಬಹುದು.

ಶುರುವಿನಲ್ಲಿ ಸಿಗುವುದು ಸಾಮಾನ್ಯವಾಗಿ ಸಣ್ಣ ಕೆಲಸವೇ: ಡೇಟಾ ಜೋಡಿಸುವುದು, ಉಪಕರಣ ಹೊಂದಿಸುವುದು, ಒಂದೇ ಅಳತೆಯನ್ನು ಮತ್ತೆ ಮತ್ತೆ ತೆಗೆಯುವುದು. ಬೇಜಾರಾಗಬಹುದು. ಆದರೆ ಪಕ್ಕದಲ್ಲೇ ಪಿಎಚ್‌ಡಿ ಮಾಡುವವರು ಇರುತ್ತಾರಲ್ವಾ? ಪ್ರಯೋಗ ಎಲ್ಲಿ ಕೈಕೊಟ್ಟಿತು ಅಂತ ಅವರು ಒಂದೊಂದೇ ತಂತಿ ಬಿಚ್ಚಿ ಹುಡುಕುವುದನ್ನು ನೋಡಿ. ಆ ಕಲಿಕೆ ಯಾವ ಕ್ಲಾಸಿನಲ್ಲೂ ಸಿಗುವುದಿಲ್ಲ.

ಓದಿನ ಒತ್ತಡ ಜಾಸ್ತಿ ಅನ್ನಿಸಿದರೆ ಜನವರಿಯಲ್ಲಿ ಶುರು ಮಾಡಿ. ಎರಡು ಸೆಮಿಸ್ಟರ್‌ಗಳ ನಡುವಿನ ಆ ಸುಮಾರು ನಾಲ್ಕು ವಾರ ಮಾಮೂಲಿ ತರಗತಿಗಳ ಗಡಿಬಿಡಿ ಇರುವುದಿಲ್ಲ.