ಜಾವಾಕ್ಕೆ ಸಂಶೋಧನೆಗೆಂದು ಹೊರಟವರಿಗೆ

ಕನ್ನಡದಲ್ಲಿ ಎಂ.ಎ. ಮುಗಿಸಿ, ಜಾವಾದ ಶಾಲೆಗಳಲ್ಲಿ ಹಳೆಯ ಕಾವ್ಯವನ್ನು ಕಲಿಸುವ ಬಗೆಯನ್ನು ಅಭ್ಯಾಸ ಮಾಡಲು ಯೋಗ್ಯಕರ್ತಾಕ್ಕೆ ಬರುವುದಾಗಿ ತಿಳಿಸಿ, ನೀವು ನನ್ನನ್ನು ಮೂರು ಪ್ರಶ್ನೆ ಕೇಳಿದ್ದೀರಿ. ಇಂಡೊನೇಷ್ಯನ್ ಭಾಷೆಯೊಂದನ್ನು ಕಲಿತರೆ ಸಾಕೇ, ಮೂಲ ಸಾಮಗ್ರಿ ಎಲ್ಲಿ ಸಿಗುತ್ತದೆ, ಇಲ್ಲಿಯ ಬದುಕು ನಮ್ಮವರಿಗೆ ಒಗ್ಗುತ್ತದೆಯೇ ಎಂಬುವೇ ಆ ಮೂರು. ಬಹುಕಾಲದಿಂದ ಈ ಊರಿನಲ್ಲಿ ನೆಲೆಸಿ ಇಲ್ಲಿಯ ಅಧ್ಯಾಪಕರೊಡನೆ ಒಡನಾಡುತ್ತಿರುವುದರಿಂದ ಮೂರಕ್ಕೂ ಉತ್ತರಿಸಬಲ್ಲೆ. ಆದರೆ ಮೊದಲನೆಯದನ್ನು ಮಾತ್ರ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಉಳಿದೆರಡಕ್ಕೂ ಅದೇ ಆಧಾರ.

ಸಾಲದು ಎಂಬುದೇ ನನ್ನ ಖಚಿತವಾದ ಉತ್ತರ. ಇಂಡೊನೇಷ್ಯನ್ ಮಲಯ್ ಭಾಷೆಯ ಮೇಲೆ ಕಟ್ಟಿದ ರಾಷ್ಟ್ರಭಾಷೆ. 1928ರ ಅಕ್ಟೋಬರ್ 28ರಂದು ಯುವಜನರು ಮಾಡಿದ ಪ್ರತಿಜ್ಞೆಯಲ್ಲಿ ಅದನ್ನು ಏಕತೆಯ ಭಾಷೆಯೆಂದು ಸ್ವೀಕರಿಸಲಾಯಿತು, 1945ರ ಸಂವಿಧಾನ ಅದಕ್ಕೆ ಅಧಿಕೃತ ಸ್ಥಾನ ನೀಡಿತು. ಬ್ಯಾಂಕು, ವಲಸೆ ಕಚೇರಿ, ವಿಶ್ವವಿದ್ಯಾಲಯದ ತರಗತಿ, ನೀವು ಬರೆಯಲಿರುವ ಪ್ರಬಂಧ, ಇವೆಲ್ಲಕ್ಕೂ ಅದು ಬೇಕೇ ಬೇಕು. ವಿದೇಶೀಯರಿಗೆ ಇಂಡೊನೇಷ್ಯನ್ ಕಲಿಸುವ ಕ್ರಮಕ್ಕೆ ಇಲ್ಲಿ ‘ಬಿಪಾ’ ಎಂದು ಹೆಸರು. ಗಜಮದ ವಿಶ್ವವಿದ್ಯಾಲಯದಲ್ಲಿಯೂ ಯೋಗ್ಯಕರ್ತಾ ರಾಜ್ಯ ವಿಶ್ವವಿದ್ಯಾಲಯದಲ್ಲಿಯೂ ಈ ತರಗತಿಗಳು ನಡೆಯುತ್ತವೆ. 1974ರಲ್ಲಿ ಆರಂಭವಾದ ‘ದರ್ಮಸಿಸ್ವ’ ವಿದ್ಯಾರ್ಥಿವೇತನ ಪದವಿಗಲ್ಲ, ಭಾಷೆ ಮತ್ತು ಕಲೆಗಳ ಕಲಿಕೆಗೆ ಮೀಸಲಾದದ್ದು. ನಿಮ್ಮ ಸಂಶೋಧನಾ ನೋಂದಣಿ ತಡವಾಗುವುದಾದರೆ ಆ ಕಾಲವನ್ನು ಇದಕ್ಕೆ ಬಳಸಿಕೊಳ್ಳಬಹುದು. ಇಂಡೊನೇಷ್ಯನ್ ಬೇಗ ಕೈವಶವಾಗುತ್ತದೆ, ಕ್ರಿಯಾಪದ ಕಾಲಕ್ಕೂ ಲಿಂಗಕ್ಕೂ ತಕ್ಕಂತೆ ಬದಲಾಗುವುದಿಲ್ಲ. ಆದರೆ ಆ ಬೇಗನೆಯ ಗೆಲುವಿನಲ್ಲೇ ಅನೇಕ ಸಂಶೋಧಕರು ನಿಂತುಬಿಡುತ್ತಾರೆ. ಜಾವನೀಸನ್ನು ಮುಂದಿನ ವರ್ಷಕ್ಕೆ ಎಂದು ತಳ್ಳುತ್ತಾರೆ, ಆ ವರ್ಷ ಬರುವುದೇ ಇಲ್ಲ.

ನಿಮ್ಮ ವಿಷಯ ಇರುವುದು ಜಾವನೀಸಿನಲ್ಲಿ. ಸುಮಾರು ಎಂಟು ಕೋಟಿ ಜನರ ತಾಯ್ನುಡಿ ಅದು. ಇಂಡೊನೇಷ್ಯನ್ನಿಗೆ ದೂರದ ನಂಟಾದರೂ ಒಂದನ್ನು ಬಲ್ಲವರಿಗೆ ಇನ್ನೊಂದು ತಾನಾಗಿ ಅರ್ಥವಾಗುವುದಿಲ್ಲ. ನೀವು ಒಂದು ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಿರಿ ಎನ್ನೋಣ. ಶಿಕ್ಷಕಿ ನಿಮ್ಮೊಡನೆ ಇಂಡೊನೇಷ್ಯನ್ನಿನಲ್ಲಿ ಮಾತಾಡುತ್ತಾರೆ, ಮಕ್ಕಳನ್ನು ಗದರಿಸುವಾಗ ‘ಙೊಕೊ’ ಎಂಬ ಸಲುಗೆಯ ಜಾವನೀಸಿಗೆ ಇಳಿಯುತ್ತಾರೆ, ಬಾಗಿಲಲ್ಲಿ ಮುಖ್ಯೋಪಾಧ್ಯಾಯರು ಕಾಣಿಸಿದೊಡನೆ ‘ಕ್ರೊಮೊ’ ಎಂಬ ಗೌರವದ ಜಾವನೀಸಿಗೆ ಏರುತ್ತಾರೆ, ಮತ್ತು ಪಾಠದ ಪದ್ಯವೋ ಇವೆಲ್ಲವುಗಳಿಗಿಂತ ಬೇರೆಯಾದ ಕಾವ್ಯಭಾಷೆಯಲ್ಲಿರುತ್ತದೆ. ಇಂಡೊನೇಷ್ಯನ್ ಮಾತ್ರ ಬಲ್ಲವರ ಟಿಪ್ಪಣಿ ಪುಸ್ತಕಕ್ಕೆ ಸೇರುವುದು ನಿಮಗೆಂದೇ ಆಡಿದ ಮಾತು, ಪಾಠ ನಡೆದದ್ದು ಉಳಿದ ಮಾತುಗಳಲ್ಲಿ.

ನಮ್ಮಲ್ಲಿ ‘ನೀನು’, ‘ನೀವು’, ‘ತಾವು’ ಎಂಬ ಭೇದವಿದೆ, ಕ್ರಿಯಾಪದದ ಪ್ರತ್ಯಯ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಜಾವನೀಸಿನಲ್ಲಿ ಪದವೇ ಬದಲಾಗುತ್ತದೆ. ಉಣ್ಣುವುದಕ್ಕೆ ಸಲುಗೆಯಲ್ಲಿ ‘ಮಙನ್’, ಗೌರವದಲ್ಲಿ ‘ನೆಡೊ’, ಹಿರಿಯರು ಉಂಡರೆ ‘ಡಹರ್’. ಈ ಮೂರನೆಯ ಬಗೆಯನ್ನು ‘ಕ್ರೊಮೊ ಇಂಗಿಲ್’ ಎನ್ನುತ್ತಾರೆ, ಅದನ್ನು ತನ್ನ ಬಗ್ಗೆ ತಾನು ಎಂದೂ ಬಳಸಬಾರದು. ಪಠ್ಯಪುಸ್ತಕಗಳು ಇದನ್ನು ಮೂರು ಕಂಬಸಾಲಿನ ಪಟ್ಟಿಯಾಗಿ ಕೊಡುತ್ತವೆ, ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಹಿರಿಯರ ಮುಂದೆ ನಿಂತಾಗ ಎಲ್ಲಿ ತಪ್ಪಿ ಅಗೌರವವಾಗುತ್ತದೋ ಎಂಬ ಅಂಜಿಕೆಯಿಂದ ಇಂಡೊನೇಷ್ಯನ್ನಿಗೆ ಹೊರಳುತ್ತಾರೆ. ಯೋಗ್ಯಕರ್ತಾ, ಮಧ್ಯ ಜಾವಾ, ಪೂರ್ವ ಜಾವಾ ಪ್ರಾಂತ್ಯಗಳಲ್ಲಿ ಜಾವನೀಸ್ ‘ಸ್ಥಳೀಯ ವಿಷಯ’ವಾಗಿ ಪಠ್ಯಕ್ರಮದಲ್ಲಿದ್ದರೂ ಅದಕ್ಕೆ ಸಾಮಾನ್ಯವಾಗಿ ಸಿಗುವುದು ವಾರಕ್ಕೆ ಎರಡು ಪೀರಿಯಡ್ ಮಾತ್ರ. ಇಷ್ಟು ದೊಡ್ಡ ಭಾಷೆ ತನ್ನ ಮಕ್ಕಳ ಬಾಯಲ್ಲೇ ಹಿಂಜರಿಯುವುದನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ. ಬೆಂಗಳೂರಿನ ಶಾಲೆಗಳನ್ನು ಬಲ್ಲ ನಿಮಗೆ ಈ ನೋವನ್ನು ವಿವರಿಸಬೇಕಾಗಿಲ್ಲ.

ಹೊರಡುವ ಮುನ್ನವೇ ಲಿಪಿ ಕಲಿತುಬಿಡಿ, ಅದರಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ. ಜಾವನೀಸ್ ಲಿಪಿ ನಮ್ಮ ಲಿಪಿಯಂತೆಯೇ ಬ್ರಾಹ್ಮೀ ಕುಲದ್ದು. ಇಪ್ಪತ್ತು ಮೂಲಾಕ್ಷರಗಳಿವೆ, ಸ್ವರಚಿಹ್ನೆಗಳು ಸುತ್ತ ಸೇರಿಕೊಳ್ಳುತ್ತವೆ, ವ್ಯಂಜನದ ಕೆಳಗೆ ಬರುವ ‘ಪಸಂಗನ್’ ನಮ್ಮ ಒತ್ತಕ್ಷರದ ಕೆಲಸವನ್ನೇ ಮಾಡುತ್ತದೆ. ರೋಮನ್ ಲಿಪಿಗೆ ಒಗ್ಗಿದ ಇಲ್ಲಿಯ ವಿದ್ಯಾರ್ಥಿಗಳು ಪಸಂಗನ್ ಬಳಿ ಬಂದಾಗ ತಡವರಿಸುತ್ತಾರೆ, ನೀವು ತಡವರಿಸಲಾರಿರಿ. ಉಚ್ಚಾರದಲ್ಲೂ ಹಾಗೆಯೇ. ಜಾವನೀಸಿನಲ್ಲಿ ತಕಾರ ಮತ್ತು ಟಕಾರ, ದಕಾರ ಮತ್ತು ಡಕಾರ ಬೇರೆ ಬೇರೆ: ‘ವೆದಿ’ ಎಂದರೆ ಅಂಜಿಕೆ, ‘ವೆಡಿ’ ಎಂದರೆ ಮರಳು. ಯುರೋಪಿನಿಂದ ಬಂದವರು ಈ ವ್ಯತ್ಯಾಸವನ್ನು ಹಿಡಿಯಲು ಬಹಳ ಹೆಣಗುತ್ತಾರೆ. ಈ ಲಿಪಿ 2009ರಲ್ಲಿಯೇ ಯೂನಿಕೋಡಿಗೆ ಸೇರಿದೆ, ಆದ್ದರಿಂದ ನಿಮ್ಮ ಕಂಪ್ಯೂಟರಿನಲ್ಲಿ ಈಗಲೇ ಬರೆದು ಅಭ್ಯಾಸ ಮಾಡಬಹುದು. ಯೋಗ್ಯಕರ್ತಾದ ಬೀದಿಗಳ ಹೆಸರಿನ ಫಲಕಗಳಲ್ಲಿ ರೋಮನ್ ಜೊತೆಗೆ ಜಾವನೀಸ್ ಲಿಪಿಯೂ ಇರುವುದರಿಂದ ನಡೆದಾಡುವಾಗಲೂ ಓದು ಮುಂದುವರಿಯುತ್ತದೆ.

ಇನ್ನು ಕಾವ್ಯದ ವಿಚಾರ. ಶಾಲೆಗಳಲ್ಲಿ ಕಲಿಸುವುದು ಮುಖ್ಯವಾಗಿ ಮಾಚಪತ್ ಪದ್ಯಗಳನ್ನು. ಸಾಮಾನ್ಯವಾಗಿ ಹನ್ನೊಂದು ಬಂಧಗಳನ್ನು ಎಣಿಸುತ್ತಾರೆ. ಪ್ರತಿ ಬಂಧಕ್ಕೂ ಮೂರು ಕಟ್ಟಳೆಗಳಿವೆ: ಸಾಲುಗಳ ಸಂಖ್ಯೆ, ಪ್ರತಿ ಸಾಲಿನ ಅಕ್ಷರಸಂಖ್ಯೆ, ಸಾಲಿನ ಕೊನೆಯ ಸ್ವರ. ‘ಕಿನಾಂತಿ’ ಬಂಧವನ್ನು ನೋಡಿ. ನಮ್ಮ ಷಟ್ಪದಿಯಂತೆ ಅದಕ್ಕೂ ಆರು ಸಾಲು, ಆದರೆ ಇಲ್ಲಿ ಮಾತ್ರೆಯ ಲೆಕ್ಕವಿಲ್ಲ, ಪ್ರಾಸದ ನಿಯಮವಿಲ್ಲ. ಪ್ರತಿ ಸಾಲಿಗೂ ಎಂಟೇ ಅಕ್ಷರ, ಕೊನೆಯ ಸ್ವರಗಳು ಮಾತ್ರ ಉ, ಇ, ಅ, ಇ, ಅ, ಇ ಎಂದು ಬರಲೇಬೇಕು. ನಾಲ್ಕು ಸಾಲಿನ ‘ಪುಚುಂಗ್’ ಬಂಧದಲ್ಲಿ ಮಕ್ಕಳ ಒಗಟುಗಳಿವೆ, ‘ಪಂಗ್ಕುರ್’ ಬಂಧದಲ್ಲಿ ನಾಲ್ಕನೆಯ ಮಂಗ್ಕುನಗರ ದೊರೆಯ ‘ವೆಡತಮ’ ಎಂಬ ನೀತಿಕಾವ್ಯ ಆರಂಭವಾಗುತ್ತದೆ. ಬಂಧಕ್ಕೊಂದು ಭಾವ, ಭಾವಕ್ಕೊಂದು ಧಾಟಿ. ಮಾಚಪತ್ ಇರುವುದೇ ಹಾಡಲಿಕ್ಕೆ.

ಆದರೂ ಅನೇಕ ತರಗತಿಗಳಲ್ಲಿ ಅದನ್ನು ಹಾಡುವುದಿಲ್ಲ, ಎಣಿಸುತ್ತಾರೆ. ‘ಈ ಬಂಧದ ಮೂರನೆಯ ಸಾಲಿನಲ್ಲಿ ಎಷ್ಟು ಅಕ್ಷರ, ಕೊನೆಗೆ ಯಾವ ಸ್ವರ’ ಎಂಬುದೇ ಪ್ರಶ್ನೆಪತ್ರಿಕೆಯ ಪ್ರಶ್ನೆ. ಕುಮಾರವ್ಯಾಸನನ್ನು ಗಮಕದಲ್ಲಿ ಕೇಳಿಸದೆ ಪ್ರಸ್ತಾರ ಹಾಕಿಸಿ ಮುಗಿಸುವ ನಮ್ಮ ತರಗತಿಗಳಲ್ಲಿ ಕುಳಿತವರಿಗೆ ಇದು ಎಲ್ಲಿಗೆ ಒಯ್ಯುತ್ತದೆ ಎಂಬುದು ಗೊತ್ತು. ನಿಮ್ಮ ಸಂಶೋಧನೆಯ ತಿರುಳು ಇಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ. ಹಾಡಿ ಕಲಿಸುವ ಶಿಕ್ಷಕರು ಇದ್ದಾರೆ. ಅವರಲ್ಲಿ ಬಹುಮಂದಿ ಊರಿನ ‘ಮಾಚಪತನ್’ ಕೂಟಗಳಲ್ಲಿ ರಾತ್ರಿ ಕುಳಿತು ಹಾಡುವವರೇ. ಶಾಲೆಗೂ ಆ ಕೂಟಕ್ಕೂ ನಡುವೆ ಓಡಾಡುವ ಆ ಶಿಕ್ಷಕರನ್ನು ಹುಡುಕಿ, ಅವರು ಎರಡೂ ಕಡೆ ಕಲಿಸುವ ಬಗೆಯನ್ನು ಹೋಲಿಸಿ ಬರೆದರೆ ಅದು ಇಲ್ಲಿಯವರಿಗೂ ನಮ್ಮವರಿಗೂ ಬೇಕಾದ ಕೆಲಸವಾದೀತು. ಎಷ್ಟೋ ಕೂಟಗಳು ಸೇರುವುದು ತಿಂಗಳ ತಾರೀಖಿನಂತಲ್ಲ. ಏಳು ದಿನಗಳ ವಾರವೂ ಐದು ದಿನಗಳ ಸಂತೆವಾರವೂ ಕೂಡಿ ಮೂವತ್ತೈದು ದಿನಕ್ಕೊಮ್ಮೆ ಮರಳುವ ‘ಸೆಲಪನ್’ ಚಕ್ರವನ್ನು ಅವು ಅನುಸರಿಸುತ್ತವೆ. ಬಂದ ಕೂಡಲೇ ಜಾವನೀಸ್ ಪಂಚಾಂಗವೊಂದನ್ನು ಕೊಂಡು ಗೋಡೆಗೆ ತೂಗುಹಾಕಿ.

ಮಾಚಪತ್‌ಗಿಂತ ಹಿಂದಿನ ‘ಕಕವಿನ್’ ಕಾವ್ಯಗಳು ಹಳೆಯ ಜಾವನೀಸಿನವು, ಸಂಸ್ಕೃತ ವೃತ್ತಗಳಲ್ಲಿ ರಚಿತವಾದವು. ನೀವು ಪಂಪನಲ್ಲಿ ಓದಿದ ಶಾರ್ದೂಲವಿಕ್ರೀಡಿತ ಅಲ್ಲಿಯೂ ಎದುರಾಗುತ್ತದೆ. ಪಂಪ ಭಾರತವನ್ನು ಬರೆದದ್ದು 941ರಲ್ಲಿ. ಪೂರ್ವ ಜಾವಾದಲ್ಲಿ ಧರ್ಮವಂಶ ತೆಗುಹ್ ಅರಸನ ಆಸ್ಥಾನದಲ್ಲಿ ವಿರಾಟಪರ್ವದ ಗದ್ಯ ರೂಪ ಓದಿದ್ದು 996ರಲ್ಲಿ, ಅಂದರೆ ರನ್ನನ ಕಾಲದಲ್ಲಿ. ಸೆಡಹ್ ಮತ್ತು ಪನುಲುಹ್ ಎಂಬ ಇಬ್ಬರು ಕವಿಗಳು ‘ಭಾರತಯುದ್ಧ’ ಬರೆದದ್ದು 1157ರಲ್ಲಿ. 1365ರಲ್ಲಿ ಪ್ರಪಂಚ ಕವಿ ಬರೆದ ‘ದೇಶವರ್ಣನ’ದಲ್ಲಿ ಮಜಪಹಿತ್ ರಾಜ್ಯಕ್ಕೆ ಹಡಗುಗಳಲ್ಲಿ ಬರುತ್ತಿದ್ದವರ ನಾಡುಗಳನ್ನು ಹೇಳುವಾಗ ಚಂಪಾ, ಗೌಡ ದೇಶಗಳ ಜೊತೆಗೆ ಕರ್ನಾಟಕದ ಹೆಸರೂ ಬರುತ್ತದೆ. ಅದನ್ನು ಮೂಲದಲ್ಲಿ ಓದಿದಾಗ ನನಗಾದ ಸಂತೋಷ ನಿಮಗೂ ಆಗಲಿ.

ಆದರೆ ಆ ಸಂತೋಷವನ್ನು ವಾದವಾಗಿ ಬೆಳೆಸಬೇಡಿ. ಇಲ್ಲಿಗೆ ಬರುವ ಭಾರತೀಯ ಸಂಶೋಧಕರಲ್ಲಿ ಹಲವರು ಎಲ್ಲವೂ ನಮ್ಮಿಂದ ಹೋದದ್ದೇ ಎಂಬ ತೀರ್ಮಾನವನ್ನು ಜೊತೆಗೇ ತಂದಿರುತ್ತಾರೆ, ಆದ್ದರಿಂದಲೇ ಅವರಿಗೆ ಹೊಸದೇನೂ ಕಾಣಿಸುವುದಿಲ್ಲ. ಜಾವಾದ ನೆರಳುಗೊಂಬೆಯಾಟದಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ, ಶಿಖಂಡಿ ‘ಶ್ರೀಕಂಡಿ’ ಎಂಬ ವೀರವನಿತೆಯಾಗಿ ಅರ್ಜುನನ ಕೈಹಿಡಿದವಳು, ವಿದೂಷಕ ಸೇವಕನಾದ ಸೆಮಾರ್ ಮತ್ತು ಅವನ ಮಕ್ಕಳು ನಮ್ಮ ಯಾವ ಭಾರತದಲ್ಲೂ ಇಲ್ಲ. ಇವನ್ನು ಮೂಲದಿಂದ ಸರಿದ ಪಾಠಗಳೆಂದು ತಿಳಿದರೆ ಅಧ್ಯಯನ ಅಲ್ಲಿಗೇ ನಿಲ್ಲುತ್ತದೆ. ಪಂಪ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿದ್ದನ್ನು ಓದುವಷ್ಟೇ ಗೌರವದಿಂದ ಇವನ್ನೂ ಓದಬೇಕು.

ಸಾಮಗ್ರಿಗೆ ಕೊರತೆಯಿಲ್ಲ. ಯೋಗ್ಯಕರ್ತಾದ ಸೊನೊಬುಡೊಯೊ ಮ್ಯೂಸಿಯಂ, ಸುಲ್ತಾನರ ಅರಮನೆ, ಪಕುವಾಲಮನ್ ಅರಮನೆ, ಈ ಮೂರರಲ್ಲೂ ಹಸ್ತಪ್ರತಿಗಳಿವೆ. ರೈಲಿನಲ್ಲಿ ಸುರಕರ್ತಾಕ್ಕೆ ಹೋದರೆ 1890ರಲ್ಲಿ ಸ್ಥಾಪನೆಯಾದ ರದ್ಯಪುಸ್ತಕ ಮ್ಯೂಸಿಯಮ್ಮೂ ಮಂಗ್ಕುನಗರನ್ ಅರಮನೆಯ ರೆಕ್ಸಪುಸ್ತಕ ಗ್ರಂಥಾಲಯವೂ ಇವೆ. 1812ರಲ್ಲಿ ಬ್ರಿಟಿಷರು ಯೋಗ್ಯಕರ್ತಾದ ಅರಮನೆಯ ಮೇಲೆ ದಾಳಿ ಮಾಡಿ ಕೊಂಡೊಯ್ದ ಹಸ್ತಪ್ರತಿಗಳಲ್ಲಿ 75ರ ಡಿಜಿಟಲ್ ಪ್ರತಿಗಳನ್ನು ಬ್ರಿಟಿಷ್ ಲೈಬ್ರರಿ 2019ರಲ್ಲಿ ಸುಲ್ತಾನರಿಗೆ ಒಪ್ಪಿಸಿತು, ಮೂಲಗಳು ಇನ್ನೂ ಲಂಡನ್ನಿನಲ್ಲಿವೆ. ಮನೆಯಲ್ಲೇ ಕುಳಿತು ಆರಂಭಿಸಲು ಸುರಕರ್ತಾದ ಸಾಸ್ತ್ರ ಲೆಸ್ತಾರಿ ಪ್ರತಿಷ್ಠಾನ ಜಾಲದಲ್ಲಿ ಇಟ್ಟಿರುವ ಪಠ್ಯಗಳು ಬಹಳ ಉಪಯುಕ್ತ. ಹಳೆಯ ಜಾವನೀಸಿಗೆ, ಯೋಗ್ಯಕರ್ತಾದಲ್ಲೇ ಬದುಕಿದ ಜೆಸ್ವಿಟ್ ವಿದ್ವಾಂಸ ಜೂಟ್‌ಮುಲ್ಡರ್ ಅವರ 1982ರ ನಿಘಂಟನ್ನು ಬಿಟ್ಟರೆ ಗತಿಯಿಲ್ಲ. ಇಂದಿನ ಬರಹಕ್ಕೆ 1933ರಲ್ಲಿ ಆರಂಭವಾದ ಜಾವನೀಸ್ ಪತ್ರಿಕೆ ‘ಪಂಜೆಬರ್ ಸೆಮಂಗತ್’ ಓದಿ. ಅರಮನೆಯ ಗ್ರಂಥಾಲಯಗಳಿಗೆ ವಿಶ್ವವಿದ್ಯಾಲಯದ ಪರಿಚಯ ಪತ್ರ ಬೇಕು. ಅಲ್ಲಿಯ ಹಿರಿಯರೊಡನೆ ಎರಡು ವಾಕ್ಯ ಕ್ರೊಮೊದಲ್ಲಿ ಆಡಬಲ್ಲಿರಾದರೆ ನಿಮ್ಮ ಕೆಲಸ ಎಷ್ಟು ಸಲೀಸಾಗುತ್ತದೆ ಎಂಬುದನ್ನು ನೀವೇ ಕಾಣುವಿರಿ.

ದಿನನಿತ್ಯದ ಬದುಕು ಕಷ್ಟದ್ದಲ್ಲ. ವಿದ್ಯಾರ್ಥಿಗಳು ‘ಕೊಸ್’ ಎಂಬ ಬಾಡಿಗೆ ಕೋಣೆಗಳಲ್ಲಿ ಇರುತ್ತಾರೆ, ಅವು ಕ್ಯಾಂಪಸ್ಸಿನ ಸುತ್ತಲೇ ಸಿಗುತ್ತವೆ. ಸಸ್ಯಾಹಾರಿಗಳಾಗಿದ್ದರೆ ಸೋಯಾ ಕಾಳನ್ನು ಹುದುಗಿಸಿ ಮಾಡುವ ಟೆಂಪೆ, ತೊಫು, ಕಡಲೆಕಾಯಿಯ ಗೊಜ್ಜು ಹಾಕಿದ ಪೆಚೆಲ್ ಮತ್ತು ಲೊತೆಕ್ ನಿಮ್ಮನ್ನು ಸಲಹುತ್ತವೆ, ಆದರೆ ಸಾಂಬಾಲ್ ಚಟ್ನಿಯಲ್ಲಿ ‘ತೆರಾಸಿ’ ಎಂಬ ಸಿಗಡಿಯ ಮುದ್ದೆ ಇರುವುದರಿಂದ ಪ್ರತಿ ಸಲವೂ ಕೇಳಿಯೇ ತಿನ್ನಬೇಕು. ಎಳೆ ಹಲಸಿನ ಗುಡೆಗ್ ಕರಾವಳಿಯವರಿಗೆ ಪ್ರಿಯವಾದೀತು, ಅದನ್ನು ಹಲವು ಕಡೆ ಕೋಳಿಯೊಡನೆ ಬಡಿಸುತ್ತಾರೆ ಎಂಬುದು ನೆನಪಿರಲಿ. ಹಿರಿಯರನ್ನು ‘ಪಾಕ್’, ‘ಬು’ ಎಂದೂ ಓರಗೆಯವರನ್ನು ‘ಮಾಸ್’, ‘ಂಬಾಕ್’ ಎಂದೂ ಕರೆಯಿರಿ, ಬರಿಯ ಹೆಸರು ಹಿಡಿದು ಕರೆಯುವುದು ಇಲ್ಲಿ ಸಲ್ಲದು. ಒಂಟಿತನ ಕಾಡುವುದು ಮೊದಲ ಮಳೆಗಾಲದಲ್ಲಿ. ಆಗ ಕೋಣೆಯಲ್ಲಿ ಕೂರದೆ ಯಾವುದಾದರೂ ಮಾಚಪತ್ ಕೂಟಕ್ಕೆ ಹೋಗಿ.

ಅನುಮತಿಯ ಮಾತೊಂದು ಉಳಿದಿದೆ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿ ನೋಂದಾಯಿಸಿಕೊಳ್ಳುವುದೂ, ಭಾರತದಲ್ಲಿ ನೋಂದಾಯಿಸಿಕೊಂಡು ಕ್ಷೇತ್ರಕಾರ್ಯಕ್ಕೆಂದು ಬರುವುದೂ ಕಾನೂನಿನಲ್ಲಿ ಬೇರೆ ಬೇರೆ. ಎರಡನೆಯ ಬಗೆಯವರು ‘ಬ್ರಿನ್’ ಎಂಬ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಅನುಮತಿ ಪಡೆಯಬೇಕು, ಅದಕ್ಕೆ ಇಲ್ಲಿಯದೇ ಸಹಭಾಗಿ ಸಂಸ್ಥೆಯೊಂದು ಬೇಕು, ಸಂಶೋಧನಾ ನೀತಿಯ ಪರಿಶೀಲನೆಯೂ ಆಗಬೇಕು. 2019ರ ಕಾನೂನು ಅನುಮತಿಯಿಲ್ಲದ ಸಂಶೋಧನೆಗೆ ಶಿಕ್ಷೆ ವಿಧಿಸುತ್ತದೆ, ಪ್ರವಾಸಿ ವೀಸಾದಲ್ಲಿ ಬಂದು ಶಾಲೆಗಳಲ್ಲಿ ಸಂದರ್ಶನ ಮಾಡಬಹುದೆಂಬ ಸಲಹೆಗೆ ಕಿವಿಗೊಡಬೇಡಿ. ನೀವು ಮಕ್ಕಳ ತರಗತಿಗಳಲ್ಲಿ ಕೂರುವವರಾದ್ದರಿಂದ ಶಾಲೆಗಳ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಬೇಕಾಗುತ್ತದೆ. ಈ ಕಾಗದಪತ್ರಗಳಿಗೆ ತಿಂಗಳುಗಳೇ ಹಿಡಿಯುತ್ತವೆ. ಮೊದಲು ಇಲ್ಲಿಯ ಮಾರ್ಗದರ್ಶಕರ ಒಪ್ಪಿಗೆ ಪತ್ರ ತರಿಸಿಕೊಳ್ಳಿ, ಅನುಮತಿ ಕೈಗೆ ಬಂದ ಮೇಲೆಯೇ ಟಿಕೆಟ್ ತೆಗೆಸಿ, ಕಾಯುವ ಆ ತಿಂಗಳುಗಳನ್ನು ಜಾವನೀಸಿಗೆ ಕೊಡಿ.